ಎಡ ಮಗ್ಗುಲು

ಅಮ್ಮಾಜಮ್ಮ ಗಂಡನ ಬಲಭುಜದ ಕೆಳಗೆ ಎರಡೂ ಕೈ ತೂರಿಸಿ ಅವನನ್ನು ಎಡ ಮಗ್ಗುಲಿಗೆ ಹೊರಳಿಸಲು ನೋಡುತ್ತಿದ್ದಳು. ನಿನ್ನೆಯಿಂದ ಸೆಟೆದುಕೊಂಡಿದ್ದ ಮೈ ಒಂದಿಷ್ಟು ಎದ್ದು ಮತ್ತೆ ಅಂಗಾತವಾಯಿತು. ಹಾರದ ಚೆಂಡುಹೂ ನಾಲ್ಕು ಉದುರಿದವು. ಅಂಗಳದಲ್ಲಿ ಕೂತಿದ್ದವರ ಮಾತು ನಿಂತಿತು.

"ಏನಮ್ಮ ಅದು, ಏನ್ಮಾಡ್ತಿದೀಯ?" ಚಪ್ಪರದ ಕಂಬ ಕಟ್ಟಿಸುತ್ತಿದ್ದ ಬಾವ ಕೋನಪ್ಪ ಓಡಿಬಂದ.

"ಅಂಗಾತ ಬೇಡ ಬಾವ. ಮಗ್ಗುಲಾಗಿ ಮಲಗ್ಸಿ."

"ಹೆಣಾನ ಮಗ್ಗುಲಾಗಿ ಮಲಗ್ಸೋದಾ? ಎಲ್ಲಾದ್ರೂ ಉಂಟೇನಮ್ಮ? ನಮ್ಮ ವಂಶದಲ್ಲಿ ಎಲ್ರೂ ಆಕಾಶ ನೋಡ್ಕೊಂಡೇ ಮಣ್ಣಾಗಿರೋದು."

"ಗುಣಿಯಲ್ಲೂ ಮಗ್ಗುಲಾಗೇ ಮಲಗ್ಸಿ. ನಾನು ಕೇಳೋದು ಅದೊಂದೇ."

ಕೋನಪ್ಪ ಸುತ್ತ ನೋಡಿದ. ಕೆಂಚಾರ್ಲಹಳ್ಳಿಯ ಅರ್ಧ ಊರು ಅಲ್ಲೇ ಇತ್ತು. "ದುಃಖದಲ್ಲಿ ಏನೋ ಅಂತಾಳೆ. ಕರ್ಕೊಂಡು ಹೋಗಿ ಒಂದ್ಲೋಟ ನೀರು ಕುಡಿಸ್ರಮ್ಮ" ಎಂದ.

ಪಕ್ಕದ ಮನೆಯ ಶ್ಯಾಮಲಮ್ಮ ಅವಳನ್ನು ಜಗಲಿಗೆ ಕರೆತಂದು ಕೂರಿಸಿದಳು. "ಅಳು ಕಣೇ, ಅತ್ತುಬಿಡು. ಒಳಗೇ ಇಟ್ಕೋಬೇಡ. ಪುಣ್ಯಾತ್ಮ, ಒದ್ದಾಡ್ಲಿಲ್ಲ, ನರಳಲಿಲ್ಲ. ನಿದ್ದೇಲೇ ಹೋಗಿರ್ಬೇಕು ಅಲ್ವಾ?"

"ಇನ್ನೆಲ್ಲಿ ಹೋಗ್ತಾನೆ ಬಿಡಕ್ಕ" ಎಂದ ಬೀಡಿ ಸೇದುತ್ತ ಕೂತಿದ್ದ ನಲ್ಲಪ್ಪ. ಸತ್ತವನ ಜೊತೆ ಸ್ಕೂಲಿಗೆ ಹೋದವನು. "ಚಿಂತಾಮಣಿಗೆ ಹೋಗ್ತೀನಿ ಅಂತ ಕೈವಾರದಲ್ಲಿ ಬಸ್ ಹತ್ತಿ, ಮಲ್ಕೊಂಡು, ಅದೇ ಬಸ್ಸಲ್ಲಿ ಕೈವಾರಕ್ಕೇ ವಾಪಸ್ ಬಂದಿಳಿದೋನು ಅವನು. 'ಏನೋ ಇಷ್ಟ್ ಬೇಗ ಕೆಲ್ಸ ಆಯ್ತಾ' ಅಂದ್ರೆ, 'ಚಿಂತಾಮಣಿ ಇನ್ನೂ ಬಂದಿಲ್ಲ ಕಣೋ' ಅಂದ!"

ಎರಡು ಮೂರು ಜನ ನಕ್ಕು, ತಕ್ಷಣ ಬಾಯಿ ಒರೆಸಿಕೊಂಡರು.

"ಎಚ್ಚರವಾಗೇ ಇದ್ರು" ಎಂದಳು ಅಮ್ಮಾಜಮ್ಮ. "ಹುಳದ ಮನೆ ಬಾಗ್ಲಲ್ಲಿ ನಿಂತಿದ್ರು. 'ಎಲ್ಲಾ ಜ್ವರಕ್ಕೆ ಕೂತಿವೆ ಕಣೇ, ಇವತ್ತು ಸೊಪ್ಪು ಬೇಡ' ಅಂದ್ರು. ಎದೆ ಹಿಡ್ಕೊಂಡು ಕೂತ್ರು. ಅಷ್ಟೇ."

ರೇಷ್ಮೆಹುಳು ಪೊರೆ ಬಿಡುವ ಮುಂಚೆ ಒಂದು ದಿನ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿದ್ದೆ ಹೋಗುತ್ತದೆ. ಆ ನಿದ್ದೆಗೇ ಅಲ್ಲಿಯವರು ಜ್ವರ ಎನ್ನುವುದು. ಗೂಡು ಕಟ್ಟುವ ಮುಂಚೆ ಅಂಥ ಜ್ವರ ನಾಲ್ಕು. ಇದು ಕೊನೆಯದು.

*

ಇಪ್ಪತ್ತಾರು ವರ್ಷದ ಹಿಂದೆ ಕೋನಪ್ಪನೂ ಅವನ ತಮ್ಮ ಮುನಿಶಾಮಪ್ಪನೂ ಒಂದೇ ಹುಳದ ಮನೆ ಇಟ್ಟುಕೊಂಡಿದ್ದರು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹೊಟ್ಟೆಯೆಂಬುದೇ ತುಂಬುವುದಿಲ್ಲ. ಎಷ್ಟು ಸೊಪ್ಪು ಹಾಕಿದರೂ ಮಳೆ ಸದ್ದಿನ ಹಾಗೆ ತಿಂದು ಮುಗಿಸುತ್ತದೆ. ಕೋನಪ್ಪ ನೆಂಟರ ಮದುವೆಗೆ ಹೋಗಿದ್ದ. ಸೊಪ್ಪು ಹಾಕುವ ಪಾಳಿ ಮುನಿಶಾಮಪ್ಪನದು. ಅವನು ಕೊಯ್ದು ತಂದ ಸೊಪ್ಪಿನ ರಾಶಿಯ ಮೇಲೆ ಕೂತ. ಕೂತವನು ಹಾಗೇ ಒರಗಿದ.

ಕೋನಪ್ಪ ಬಂದಾಗ ಹುಳುಗಳು ಹಸಿದು ತಟ್ಟೆಯ ಅಂಚು ದಾಟಿ ಗೋಡೆ ಹತ್ತುತ್ತಿದ್ದವು. ರಾಶಿಯ ಮೇಲೆ ಮುನಿಶಾಮಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಕೋನಪ್ಪ ಒಂದು ಬಿಂದಿಗೆ ನೀರು ತಂದು ಅವನ ಮುಖಕ್ಕೆ ಸುರಿದ.

"ಹುಳಕ್ಕೇ ನಾಲ್ಕು ನಿದ್ದೆ ಸಾಕು, ನಿನಗೆ ವರ್ಷವೆಲ್ಲ ಸಾಲಲ್ವೇನೋ? ಸೋಮಾರಿ ಮುಂಡೇದೆ!"

ಬೀದಿಯ ಜನ ಬಾಗಿಲಲ್ಲಿ ನಿಂತು ನೋಡಿದರು. ಅಂದಿನಿಂದ ಅವನು ಊರಿಗೆಲ್ಲ ತೂಕಡಿಕೆ ಮುನಿಶಾಮಪ್ಪ. ಆ ವರ್ಷವೇ ಹುಳದ ಮನೆ ಎರಡಾಯಿತು. ನೀರು ಬಿದ್ದ ದಿನ ಒದ್ದೆ ಅಂಗಿ ಹಿಂಡುತ್ತ ಅವನು ಹೆಂಡತಿಗೆ, "ಅಣ್ಣ ಹೇಳಿದ್ದು ನಿಜ ಕಣೇ. ಎಷ್ಟು ಮಲಗಿದ್ರೂ ಮಲಗಿದ ಹಾಗೇ ಇರಲ್ಲ. ನಾನ್ಯಾಕೆ ಹಿಂಗೆ?" ಎಂದಿದ್ದ.

ಅವಳಿಗೆ ಒಂದು ವಿಷಯ ಗೊತ್ತಿತ್ತು. ಆದರೆ ಅದು ಹೇಳಬೇಕಾದ ವಿಷಯವೆಂದು ಗೊತ್ತಿರಲಿಲ್ಲ. ಅವನು ಅಂಗಾತ ಮಲಗಿದರೆ ಗೊರಕೆ ನಡುವೆ ತಟಕ್ಕನೆ ನಿಲ್ಲುತ್ತಿತ್ತು. ಉಸಿರೂ ನಿಲ್ಲುತ್ತಿತ್ತು. ಅವಳು ತನ್ನ ಉಸಿರು ಹಿಡಿದು ಕಾಯುವಳು. ತಡೆಯಲಾರದೆ ಭುಜಕ್ಕೆ ಕೈ ಕೊಟ್ಟು ಎಡ ಮಗ್ಗುಲಿಗೆ ಹೊರಳಿಸುವಳು. ನೀರಿನಿಂದ ಮೇಲೆದ್ದವನ ಹಾಗೆ ಅವನು ಗಾಳಿ ಎಳೆದುಕೊಳ್ಳುವನು. ಒಮ್ಮೆ ಅತ್ತೆಗೆ ಹೇಳಿದ್ದಳು. "ಗೊರಕೆ ಹೊಡೆಯೋ ಗಂಡಸಿಗೆ ಒಳ್ಳೆ ನಿದ್ದೆ ಬಂದಿದೆ ಅಂತ ಅರ್ಥ. ನೀನ್ಯಾಕೆ ಅವನ ನಿದ್ದೆ ಕೆಡಿಸ್ತೀಯ?" ಎಂದು ಬೈಸಿಕೊಂಡಿದ್ದಳು. ಗಂಡಸರೆಲ್ಲ ಹೀಗೇ ಇರಬೇಕು ಅಂದುಕೊಂಡು ಸುಮ್ಮನಾದಳು. ಹೊರಳಿಸುವುದನ್ನು ಮಾತ್ರ ಬಿಡಲಿಲ್ಲ.

*

ಹೆಣಕ್ಕೆ ನೀರು ಹಾಕಿ, ಹೊಸ ಪಂಚೆ ಉಡಿಸಿ ಮತ್ತೆ ಅಂಗಾತ ಮಲಗಿಸಿದರು. ಗೌರಿಬಿದನೂರಿನಿಂದ ಬಂದಿದ್ದ ಮಗಳು ಕವಿತ ತಾಯಿಯ ಪಕ್ಕ ಕೂತಳು.

"ದೊಡ್ಡಪ್ಪನಿಗೆ ಹೇಳ್ಬಿಡಮ್ಮ. ಹೇಳದಿದ್ರೆ ಅವರಿಗೆ ಹೆಂಗೆ ಅರ್ಥ ಆಗುತ್ತೆ?"

"ಹೇಳ್ಬೇಡ ಅಂದಿದ್ರು ನಿಮ್ಮಪ್ಪ."

"ಅಪ್ಪ ಇಲ್ವಲ್ಲಮ್ಮ."

"ಇಲ್ಲ ಅಂತ ಮಾತು ಮೀರ್ಲಾ?" ಎಂದಳು ಅಮ್ಮಾಜಮ್ಮ. ಗುಣಿ ತೋಡಿದವರು ಬಂದು, ಎಲ್ಲಾ ಆಯ್ತು, ಇನ್ನು ಎತ್ತಬಹುದು ಎಂದರು.

*

ಹೋದ ವರ್ಷ ಕಾಲು ಬಾತುಕೊಂಡು, ಯಾವ ಮಾತ್ರೆಗೂ ಬಿಪಿ ಇಳಿಯದೆ ಹೋದಾಗ ಕವಿತ ಹಟ ಮಾಡಿ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ತಲೆಗೆ, ಎದೆಗೆ, ಬೆರಳಿಗೆ ವೈರು ಅಂಟಿಸಿ ಮಲಗಿಸಿದರು. ಮಾರನೆ ದಿನ ಡಾಕ್ಟರಮ್ಮ ಹಾಳೆ ನೋಡಿ ಹೇಳಿದರು: "ಗಂಟೆಗೆ ನಲವತ್ತೆರಡು ಸಲ ಉಸಿರು ಕಟ್ಟಿದೆ. ನಿದ್ದೆ ಹತ್ತಿದ ಕೂಡಲೆ ಗಂಟಲಿನ ದಾರಿ ಕುಸಿದು ಮುಚ್ಚಿಕೊಳ್ಳುತ್ತೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತೆ. ಎದ್ದಿದ್ದು ನಿಮಗೆ ಗೊತ್ತಾಗಲ್ಲ, ನಿಮ್ಮ ಹೃದಯಕ್ಕೆ ಗೊತ್ತಾಗುತ್ತೆ. ರಾತ್ರಿ ಅದು ಸುಧಾರಿಸ್ಕೋಬೇಕು. ನಿಮ್ಮದು ರಾತ್ರಿಯೆಲ್ಲ ಓಡಿದೆ. ಬಿಪಿ ಇಳಿಯದೇ ಇರೋದಕ್ಕೆ ಇದೂ ಕಾರಣ. ಹೃದಯ ಆಗಲೇ ಊದಿಕೊಂಡಿದೆ."

ಮುನಿಶಾಮಪ್ಪ ಕೈಯಲ್ಲಿದ್ದ ಟವೆಲನ್ನು ಮಡಿಸಿದ, ಬಿಡಿಸಿದ. "ಹಂಗಾದ್ರೆ ನಾನು ಸೋಮಾರಿ ಅಲ್ವಾ ಮೇಡಂ?"

"ನೀವು ಎಷ್ಟೋ ವರ್ಷದಿಂದ ಸರಿಯಾಗಿ ನಿದ್ದೇನೇ ಮಾಡಿಲ್ಲ ಯಜಮಾನ್ರೇ." ಆಮೇಲೆ ಅಮ್ಮಾಜಮ್ಮನ ಕಡೆ ತಿರುಗಿ, "ಅಂಗಾತ ಮಲಗೋಕೆ ಬಿಡಬೇಡಿ" ಎಂದರು.

ಮಲಗುವಾಗ ಮೂಗಿಗೆ ಗಾಳಿ ಕೊಡುವ ಮಿಷನ್ನು ಬಂತು. ಮೂರನೇ ದಿನ ಬೆಳಗ್ಗೆ ಅವನು ಮುಖ ತೊಳೆಯುವುದನ್ನೂ ಮರೆತು ಅಂಗಳದಲ್ಲಿ ನಿಂತಿದ್ದ. "ಬೆಳಗ್ಗೆ ಅಂದ್ರೆ ಹಿಂಗಿರುತ್ತೇನೇ?" ಎಂದು ಕೇಳಿದ. ಅವಳು ಕಸಬರಿಗೆ ಹಿಡಿದೇ ಅತ್ತಳು. ಆಗ ಅವನಿಗೆ ಅರವತ್ತೊಂದು. ಅಂಥ ಬೆಳಗುಗಳು ಅವನಿಗೆ ಎಂಟು ತಿಂಗಳು ಸಿಕ್ಕವು.

ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲೇ ಹೇಳಿದ್ದ: "ಅಣ್ಣನಿಗೆ ಹೇಳ್ಬೇಡ. ಆವತ್ತು ನೀರು ಸುರಿದಿದ್ದು ನೆನೆಸ್ಕೊಂಡು ಕೊರಗ್ತಾನೆ. ವಯಸ್ಸಾಗಿದೆ ಅವನಿಗೆ."

*

ದಾಸಯ್ಯ ಶಂಖ ಊದಿದ. ಯಾರೋ ಹಚ್ಚಿದ ಊದುಬತ್ತಿಯ ಕಟ್ಟು ಹುಳದ ಮನೆಯ ಕಿಟಕಿಯ ಕೆಳಗೆ ಹೊಗೆಯಾಡುತ್ತಿತ್ತು. ಹುಳಕ್ಕೆ ಹೊಗೆ ಆಗದು. ಕೋನಪ್ಪ ಅದನ್ನು ಕಿತ್ತು ದೂರ ನೆಟ್ಟು, ಬಾಗಿಲಿನಿಂದ ಒಳಗೆ ಇಣುಕಿದ. ಅಮ್ಮಾಜಮ್ಮ ಅವನ ಹಿಂದೆ ಬಂದು ನಿಂತಳು.

"ಚೆನ್ನಾಗಿ ಕೂತಿವೆ" ಎಂದ ಕೋನಪ್ಪ, ತನಗೇ ಹೇಳಿಕೊಳ್ಳುವವನಂತೆ.

"ಬಾವ, ಹುಳ ಜ್ವರಕ್ಕೆ ಕೂತಾಗ ಪದೇ ಪದೇ ಅಲುಗಿಸಿದ್ರೆ ಏನಾಗುತ್ತೆ?"

"ಇದೇನಮ್ಮ ಈಗ ಕೇಳೋದು? ಪೊರೆ ಬಿಡೋಕಾಗಲ್ಲ. ಬಡವಾಗುತ್ತೆ. ಸೊಪ್ಪು ಎಷ್ಟು ಹಾಕಿದ್ರೂ ಮೈಗೆ ಹತ್ತಲ್ಲ."

"ನಿಮ್ಮ ತಮ್ಮನಿಗೂ ಹಂಗೇ ಆಗಿತ್ತು ಬಾವ. ಮಲಗಿದ್ರೆ ಉಸಿರು ಕಟ್ಟೋದು. ಗಂಟೆಗೆ ನಲವತ್ತೆರಡು ಸಲ. ಡಾಕ್ಟರಮ್ಮ ಮಿಷನ್ನಲ್ಲಿ ನೋಡಿ ಹೇಳಿದ್ರು. ಯಾವತ್ತೂ ನಿದ್ದೆ ತುಂಬಲಿಲ್ಲ ಅವರಿಗೆ, ಅದಕ್ಕೇ ಕೂತಲ್ಲಿ ತೂಕಡಿಸ್ತಿದ್ರು. ಅಂಗಾತ ಮಲಗಿದ್ರೆ ಜಾಸ್ತಿ. ಮೂವತ್ತಾರು ವರ್ಷ ನಾನು ಮಗ್ಗುಲಿಗೆ ತಿರುಗಿಸ್ತಿದ್ದೆ." ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡಳು. "ಸತ್ತೋರಿಗೆ ಉಸಿರಿಲ್ಲ, ನಂಗೊತ್ತು. ಆದ್ರೂ ಹಂಗೆ ಅಂಗಾತ ಮಲಗ್ಸಿ ಮಣ್ಣು ಮುಚ್ಚಿದ್ರೆ ನನಗೆ ನೋಡೋಕಾಗಲ್ಲ ಬಾವ."

ಕೋನಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. "ನನಗ್ಯಾಕೆ ಯಾರೂ ಹೇಳ್ಲಿಲ್ಲ?"

"ನೀವು ಕೊರಗ್ತೀರ ಅಂತ ಅವರೇ ಬೇಡ ಅಂದ್ರು."

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಚಟ್ಟದ ಕಡೆ ನಡೆದುಬಿಟ್ಟ. ಹೇಳಬಾರದಿತ್ತೇನೋ ಎಂದು ಅಮ್ಮಾಜಮ್ಮ ದಾರಿಯುದ್ದಕ್ಕೂ ಅವನ ಬೆನ್ನನ್ನೇ ನೋಡುತ್ತ ನಡೆದಳು. ಮಾತೂ ಮೀರಿದ್ದಾಯಿತು, ಕೇಳಿದ್ದು ಆಗುವುದೋ ಇಲ್ಲವೋ.

ಹಿಪ್ಪುನೇರಳೆ ತೋಟದ ಬದುವಿನ ಪಕ್ಕ ಗುಣಿ ತೋಡಿದ್ದರು. ಹೆಣ ಇಳಿಸಲು ನಲ್ಲಪ್ಪ ಪಂಚೆ ಎತ್ತಿ ಕಟ್ಟುವಷ್ಟರಲ್ಲಿ ಕೋನಪ್ಪ ತಾನೇ ಒಳಗಿಳಿದ.

"ಏ, ಎಪ್ಪತ್ತು ವರ್ಷದೋನು ನೀನ್ಯಾಕಣ್ಣ ಇಳೀತೀಯ?"

"ಕೊಡ್ರೋ ಇಲ್ಲಿ." ಅವನು ತಮ್ಮನ ತಲೆಯನ್ನು ತೋಳಿನ ಮೇಲೆ ತೆಗೆದುಕೊಂಡ. ಮೈಯನ್ನು ನೆಲಕ್ಕಿಳಿಸಿ, ಭುಜಕ್ಕೊಂದು ಸೊಂಟಕ್ಕೊಂದು ಕೈ ಕೊಟ್ಟು, ಮೆಲ್ಲಗೆ ಎಡ ಮಗ್ಗುಲಿಗೆ ತಿರುಗಿಸಿದ.

"ಕೋನಪ್ಪಣ್ಣ, ಹಂಗಲ್ಲ, ಅಂಗಾತ…" ಎಂದ ನಲ್ಲಪ್ಪ.

"ನಿನ್ನನ್ನ ಅಂಗಾತ ಹೂಳ್ತೀವಿ ಬಿಡಯ್ಯ. ಈಗ ಸುಮ್ನಿರು." ಕೋನಪ್ಪ ತಮ್ಮನ ಕೆನ್ನೆಯ ಕೆಳಗಿನ ಮಣ್ಣು ಸಮ ಮಾಡಿದ. "ಮಲಗ್ಲಿ ಅವನು."

ಇಬ್ಬರು ಅವನ ಕೈ ಹಿಡಿದು ಮೇಲಕ್ಕೆಳೆದುಕೊಂಡರು. ಒಬ್ಬ ಸಲಿಕೆ ತುಂಬ ಮಣ್ಣೆತ್ತಿದವನು ಕೋನಪ್ಪನ ಮುಖ ನೋಡಿ ಅದನ್ನು ಹಾಗೇ ಕೆಳಗಿಟ್ಟ. ಕೋನಪ್ಪ ಅಂಚಿನಲ್ಲಿ ಮಂಡಿಯೂರಿ ಹೆಂಟೆಯೊಂದನ್ನು ಅಂಗೈಯಲ್ಲಿ ಪುಡಿ ಮಾಡಿ, ಪಾದದ ಹತ್ತಿರ ಸದ್ದಾಗದ ಹಾಗೆ ಬಿಟ್ಟ. ನಲ್ಲಪ್ಪನೂ ಮಂಡಿಯೂರಿದ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಕೂತು, ಕಲ್ಲು ಆರಿಸಿ ಪಕ್ಕಕ್ಕಿಟ್ಟು, ನುಣ್ಣನೆಯ ಮಣ್ಣನ್ನಷ್ಟೇ ಬೊಗಸೆಯಲ್ಲಿ ಇಳಿಸುತ್ತ, ಕಾಲಿನ ಕಡೆಯಿಂದ ನಿಧಾನವಾಗಿ ತಲೆಯ ಕಡೆಗೆ ಬಂದರು.