ಉಡಚವ್ವನ ಬಾಯಿಗೆ ಬಂದ ಮಾತು

ಗದಗಿನ ವಾರಪತ್ರಿಕೆಯ ವ್ಯಂಗ್ಯಚಿತ್ರದಲ್ಲಿ ಬರುತ್ತಿದ್ದ ಉಡಚವ್ವ ನನ್ನ ಕೈಯವಳು. ಬೆಟಗೇರಿಯ ನೇಕಾರರ ಓಣಿಯಲ್ಲಿ ನೂಲು ಸುತ್ತುತ್ತ ಕೂತ ಮುದುಕಿ. ವಾರಕ್ಕೆ ಮೂರು ಚಿತ್ರ, ಕೊನೆಯದರಲ್ಲಿ ಅವಳದೊಂದು ಮಾತು. ಚಿತ್ರವನ್ನೂ ಮಾತನ್ನೂ ಮರದ ಹಲಗೆಯ ಮೇಲೆ ನಾನೇ ತಿರುವುಮುರುವಾಗಿ ಕೆತ್ತುತ್ತಿದ್ದೆ. ಮಾತು ನನ್ನ ಅವ್ವನದು. ಅದೊಂದರಲ್ಲಿ ನನಗೆ ಸಂಶಯವಿರಲಿಲ್ಲ.

ರಾಜ್ಯ ಒಂದಾದ ಕೆಲವು ತಿಂಗಳಿಗೆ ಸಂಪಾದಕ ಚನ್ನಬಸವಣ್ಣನವರು ಕರೆದರು.

“ಹೇಮಪ್ಪ, ಇನ್ನ ಪೇಪರ್ ಮೈಸೂರಿನ ತನಕ ಹೋಗ್ತೈತಿ. ಉಡಚವ್ವಗ ಸ್ವಲ್ಪ ಶುದ್ಧ ಮಾತಾಡಾಕ ಕಲಿಸು.”

“ಆಕಿ ಸಾಲಿ ಕಟ್ಟಿ ಹತ್ತಿಲ್ರಿ, ಅಣ್ಣಾರ.”

“ನೀ ಹತ್ತೀಯಲ್ಲ, ರಾತ್ರಿ ಸಾಲಿ.”

ಅವರು ನಗೆಗೆ ಅಂದದ್ದು. ನಾನು ಮನೆ ಮುಟ್ಟುವವರೆಗೂ ಅದನ್ನೇ ಯೋಚಿಸಿದೆ: ನನಗೇ ಶುದ್ಧ ಬರುವುದಿಲ್ಲವೆಂದು ನನ್ನ ಈ ಹಟವೋ?

ಆ ವಾರದ ಚಿತ್ರದಲ್ಲಿ ಲಕ್ಷ್ಮೇಶ್ವರದ ಮುಖಂಡನೊಬ್ಬ ಉಡಚವ್ವನ ಕಟ್ಟೆಯ ಮುಂದೆ ಏಕೀಕರಣದ ಭಾಷಣ ಮಾಡುತ್ತಾನೆ. ಎರಡನೆಯದರಲ್ಲಿ ಜನ ಎದ್ದು ಹೋಗಿದ್ದಾರೆ, ಅವನು ಇನ್ನೂ ನಿಲ್ಲಿಸಿಲ್ಲ. ಮೂರನೆಯದರಲ್ಲಿ ಅವಳು ಕೇಳುತ್ತಾಳೆ: “ನಾಷ್ಟಾ ಆತೇನ್ರಿ?” ದೂರದಿಂದ ಬಂದವನು ಹಸಿದಿರಬಹುದೆಂಬ ಮರುಕ. ಅಷ್ಟು ಒಳ್ಳೆಯದನ್ನು ಹಿಂದೆ ಮಾಡಿರಲಿಲ್ಲ ಎನಿಸಿತ್ತು.

ಪತ್ರಿಕೆ ಕೈಗೆ ಬಂದಾಗ ನೋಡಿದೆ. ಹಲಗೆಯಲ್ಲಿ ನನ್ನ ಅಕ್ಷರಗಳನ್ನು ಹೆರೆದು ತೆಗೆದು, ಅಚ್ಚುಮೊಳೆ ಕೂರಿಸಿದ್ದರು: “ತಿಂಡಿ ಆಯಿತೇ?”

ಮೈಸೂರಿನವರಿಗೆ ತಿಂಡಿ ಎಂದರೆ ನಾಷ್ಟಾ. ನಮ್ಮಲ್ಲಿ ತಿಂಡಿ ಎಂದರೆ ತುರಿಕೆ. ಸುಮ್ಮನಿರಲಾರದೆ ಕೆಣಕುವವನಿಗೆ ಆಡುವ ಮಾತು.

ಮುಂಡರಗಿ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಮಾರುವ ಮಲಂಗಸಾಬ ಅಚ್ಚುಕೂಟಕ್ಕೇ ಬಂದ.

“ಏನ್ ಹೊಡದೀರಿ ಹೇಮಪ್ಪಣ್ಣ. ‘ನಿನ್ನ ತಿಂಡಿ ತೀರ್ತೇನ್ಲೇ’ ಅಂತ ಮುಖಂಡಗ ಮುದಿಕಿ ಕಡೀಂದ ಕೇಳಿಸಿಬಿಟ್ರಿ. ಪೇಪರ್ ಒಂದೂ ಉಳೀಲಿಲ್ಲ.”

“ನಾ ಹಂಗ ಬರದಿಲ್ಲೋ.”

“ಈಗ ಹಂಗ ಅನ್ಬ್ಯಾಡ್ರಿ, ಅಂಜಿದಾ ಅಂತಾರ.”

ತಾಲೂಕು ಕಚೇರಿಗೆ ಮೈಸೂರಿನಿಂದ ವರ್ಗವಾಗಿ ಬಂದಿದ್ದ ಗುಮಾಸ್ತರೊಬ್ಬರು ಮಾತ್ರ ದಾರಿಯಲ್ಲಿ ನಿಲ್ಲಿಸಿ, “ಅಷ್ಟೊತ್ತು ಮಾತಾಡಿದವನಿಗೆ ಹಸಿವಾಗಿರುತ್ತೆ ಅಂತ ಆಕೆಗೊಬ್ಬಳಿಗೇ ಹೊಳೀತಲ್ಲ, ಪಾಪ” ಎಂದರು.

ಅವ್ವನ ಮನಸ್ಸು ತಿಳಿದದ್ದು ಅವರೊಬ್ಬರಿಗೆ, ಅದೂ ನಾನು ಬರೆಯದ ಮಾತಿನಿಂದ. ಹಾಗಾದರೆ ಚನ್ನಬಸವಣ್ಣನವರದೇ ಸರಿಯೇ? ಸಿಟ್ಟು ಮಾತ್ರ ಇಳಿಯದೆ ಸಂಪಾದಕರ ಮುಂದೆ ಹೋಗಿ ನಿಂತೆ.

“ನಾ ಮೈಸೂರ ಶಬ್ದ ಹಾಕಿದೆ, ಮಂದಿ ಊರಿನ ಅರ್ಥ ತಗೊಂಡ್ರು. ಲುಕ್ಸಾನ ಏನಾತು?” ಎಂದರು ಚನ್ನಬಸವಣ್ಣನವರು. “ಈ ವಾರ ಯಾರ ತಿಂಡಿ ಬಿಡಸ್ತಾಳ?”

ನಾನು ಹೊಸ ಹಲಗೆ ಮುಂದಿಟ್ಟೆ. ಅದೇ ಮುಖಂಡ, ಅದೇ ಕಟ್ಟೆ. ಉಡಚವ್ವ ಬಾಯಿ ಮುಚ್ಚಿಕೊಂಡು ಅವಲಕ್ಕಿಯ ತಾಟು ಚಾಚಿದ್ದಳು. ಮಾತಿಗೆ ಜಾಗವನ್ನೇ ಬಿಟ್ಟಿರಲಿಲ್ಲ.

“ಮಾತೆಲ್ಲಿ?”

“ಇಲ್ರಿ. ಇದರಾಗ ತಪ್ಪು ತಿಳಕೊಳ್ಳಾಕ ಏನೂ ಇಲ್ಲ.”

ಅವರು ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಅರಳಿತು. ಮೊಳೆ ಜೋಡಿಸುವವನನ್ನು ಕೂಗಿದರು.

“ಚಿತ್ರದ ಬುಡಕ ಒಂದು ಸಾಲು ಜೋಡಸೋ. ‘ತೆಗೆದುಕೊಳ್ಳಿ, ನಿಮ್ಮ ತಿಂಡಿಗೆ ಔಷಧ.’ ಶುದ್ಧ ಐತಿಲ್ಲೋ ಹೇಮಪ್ಪ?”