ಒಂಟಿ ಕೋಣೆಯ ಮಷೀನು

ಸಿ ವೈರಸ್ಸು ಹೋಗಿದೆ ಎಂದು ಡಾಕ್ಟರು ಹೇಳಿದ ವಾರವೇ ನನ್ನ ಡಯಾಲಿಸಿಸ್ ಮಷೀನು ಕೆಡಬೇಕೆ? ನನ್ನ ಹಣೆಬರಹವೇ ಅಷ್ಟು. ಕಾಮಾಲೆಯ ಎರಡು ವೈರಸ್ಸು, ಬಿ ಮತ್ತು ಸಿ, ನನ್ನ ರಕ್ತದಲ್ಲಿ ಒಟ್ಟಿಗೆ ಸಂಸಾರ ಹೂಡಿದ್ದವು. ಮಾತ್ರೆ ನುಂಗಿ ಸಿಯನ್ನು ಓಡಿಸಿದ್ದಾಯಿತು. ಬಿ ಮಾತ್ರ ಜಪ್ಪಯ್ಯ ಎಂದರೂ ಕದಲದು. ಸಿ ಹೋದಮೇಲೆ ಅದು ತಲೆ ಎತ್ತಬಹುದು, ಅದರ ಮಾತ್ರೆ ಬಿಡಲೇಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು. ರಕ್ತದಿಂದ ಇನ್ನೊಬ್ಬರಿಗೆ ಅಂಟೀತೆಂದು ಬಿ ಇದ್ದವರಿಗೆ ಬೇರೆ ಕೋಣೆ, ಬೇರೆ ಮಷೀನು. ಬಸ್ಸಿನಲ್ಲಿ ಟಿಕೆಟ್ ಹರಿಯುತ್ತ ಊರನ್ನೆಲ್ಲ ಮಾತಾಡಿಸಿದ ಕಂಡಕ್ಟರ್ ನಾನು, ಅಲ್ಲಿ ಗೋಡೆಯ ಜೊತೆ ಮಾತಾಡುತ್ತಿದ್ದೆ.

ಅವತ್ತು ಮಷೀನು ಶುರುವಾಗಲೇ ಇಲ್ಲ. ನನ್ನ ಕಾಲು ಊದಿ ಕಂಬವಾಗಿತ್ತು, ಮಾತಿನ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಹೊಸ ಟೆಕ್ನಿಷಿಯನ್‌ಗೆ ಕನಿಕರ. ಸಿ ರಿಪೋರ್ಟು ಕ್ಲೀನ್ ಇದೆಯಲ್ಲ, ಹಾಲ್‌ನಲ್ಲಿ ಒಂದು ಮಷೀನು ಖಾಲಿಯಿದೆ, ಆಮೇಲೆ ಚೆನ್ನಾಗಿ ತೊಳೆದುಬಿಡುತ್ತೇನೆ ಎಂದ. ಹಾಲ್ ಎಂದರೆ ನಾಲ್ಕು ಜನರ ಮುಖ, ಹರಟೆ. ಎದ್ದೇಬಿಟ್ಟೆ.

ಬಾಗಿಲಲ್ಲಿ ಕಾಲು ನಿಂತಿತು. ಆ ಮಷೀನಿಗೆ ಮುಂದಿನ ಸರದಿ ಟೀಚರಮ್ಮನದು. ಬಿ ಲಸಿಕೆ ಎಷ್ಟು ಚುಚ್ಚಿದರೂ ತನ್ನ ಮೈಗೆ ಹತ್ತುತ್ತಿಲ್ಲ ಎಂದು ಆ ಮುದುಕಿ ಕಂಡವರ ಹತ್ತಿರವೆಲ್ಲ ಗೊಣಗುತ್ತಿದ್ದರು. ನನಗೆ ಈ ಪೀಡೆ ಅಂಟಿದ್ದೂ ಹಿಂದಿನ ಆಸ್ಪತ್ರೆಯಲ್ಲಿ ಯಾರೋ ‘ಇವತ್ತೊಂದಿನ ತಾನೇ’ ಎಂದು ಬಿ ಇದ್ದವರ ಮಷೀನಿಗೆ ನನ್ನನ್ನು ಹಾಕಿದ್ದರಿಂದಲೇ.

"ಬಿ ಇನ್ನೂ ಇದೆ ಕಣಪ್ಪ. ನಾನಲ್ಲಿ ಕೂರಲ್ಲ."

"ಅಕ್ಕಾ, ನಿಮಗೆ ಉಸಿರೇ ಬರ್ತಿಲ್ಲ."

"ಬರೋ ಅಷ್ಟು ಉಸಿರಲ್ಲೇ ಹೇಳ್ತಿದೀನಿ. ಇದನ್ನೇ ರಿಪೇರಿ ಮಾಡು."

ಅವನು ರಿಪೋರ್ಟನ್ನು ಮತ್ತೆ ತಿರುವಿ ನೋಡಿದ. ಬಿ ಎಂಬ ಸಾಲು ಈಗ ಕಣ್ಣಿಗೆ ಬಿತ್ತು. ಮಷೀನಿನ ಕೆಟ್ಟ ಪಂಪಿಗೆ ಬದಲಿ ತರಲು ಪಕ್ಕದ ಆಸ್ಪತ್ರೆಗೆ ಓಡಿದ. ನರ್ಸಮ್ಮ ಡಾಕ್ಟರಿಗೆ ಫೋನ್ ಮಾಡಿ, ಆಕ್ಸಿಜನ್ ಇಟ್ಟು, ನನ್ನ ಪಕ್ಕದಿಂದ ಕದಲಲಿಲ್ಲ. ಭಯವಾಯಿತು, ಸುಳ್ಳೇಕೆ ಹೇಳಲಿ. ಹಾಲ್‌ಗೇ ಹೋಗಿಬಿಡೋಣ ಎನ್ನಿಸಿದಾಗಲೆಲ್ಲ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

ಸಂಜೆಯ ಹೊತ್ತಿಗೆ ಮಷೀನು ತಿರುಗಿತು. ಎದೆ ಹಗುರವಾಗುತ್ತಿದ್ದಾಗ ಬಾಗಿಲಲ್ಲಿ ಟೀಚರಮ್ಮ. ಟೆಕ್ನಿಷಿಯನ್ ನನಗಾಗಿ ಓಡಾಡಿದ್ದರಿಂದ ಅವರ ಸರದಿ ತಡವಾಗಿತ್ತು.

"ನಿನ್ನೊಬ್ಬಳಿಗೋಸ್ಕರ ನಾವೆಲ್ಲ ಕಾಯಬೇಕಾ? ಬೇರೆಯವರ ಯೋಚನೆ ಸ್ವಲ್ಪನಾದ್ರೂ ಬೇಡ್ವಾ ನಿನಗೆ?"

ಟೆಕ್ನಿಷಿಯನ್ ಬಾಯಿ ತೆರೆಯಹೋದ. ಕಣ್ಣಲ್ಲೇ ಗದರಿದೆ. ಬೈಯಲಿ. ಇನ್ನೂ ಹತ್ತು ವರ್ಷ ಇದೇ ಗಂಟಲಲ್ಲಿ ಬೈಯುತ್ತಿರಲಿ.

"ತಪ್ಪಾಯ್ತು ಟೀಚರಮ್ಮ," ಎಂದೆ.