ತೊಂಬತ್ತಾರು ಗಿಡ

ನಮ್ಮ ಮಾವ ಕದಿರಪ್ಪನವರಿಗೆ ಅರವತ್ತೈದನೇ ವಯಸ್ಸಿನಲ್ಲಿ ವಿಜ್ಞಾನಿಯಾಗುವ ಹುಚ್ಚು ಹಿಡಿಯಿತು. ಹೆಸರಘಟ್ಟದ ಮಣ್ಣಿನಲ್ಲಿ ಹೊಗೆಸೊಪ್ಪು ಬರುತ್ತದೋ ಇಲ್ಲವೋ ನೋಡೇಬಿಡುತ್ತೇನೆ ಎಂದು ಅರ್ಜಿ ಹಾಕಿ, ಚಪ್ಪಲಿ ಸವೆಸಿ, ಅಪ್ಪಣೆ ಪತ್ರ ತಂದರು. ಪ್ರಯೋಗಕ್ಕೆ ಐವತ್ತು ಗಿಡ. ಒಂದು ಹೆಚ್ಚಾದರೂ ವ್ಯಾಪಾರದ ಬೆಳೆ ಎಂದು ತೆರಿಗೆ ಬೀಳುತ್ತದೆ, ಗಿಡಗಳನ್ನೂ ಕೀಳಿಸುತ್ತಾರೆ. ಮಾವ ಹೆದರಿ ನಲವತ್ತೆಂಟೇ ನೆಟ್ಟರು. ಹುಳ ಆರಿಸುವ ಕೆಲಸ ಮಾತ್ರ ನನ್ನ ತಲೆಗೆ ಬಂತು. ಬೈದುಕೊಂಡೇ ಆರಿಸಿದೆ. ಆದರೆ ಎಲೆ ಅಗಲವಾಗುತ್ತ ಬಂದ ಹಾಗೆ ನನಗೂ ಅವುಗಳ ಮೇಲೆ ಪ್ರೀತಿ ಹುಟ್ಟಿತ್ತು.

ಮೊನ್ನೆ ಗಿಡ ಎಣಿಸಲು ನಾಗಭೂಷಣ ಎಂಬ ಅಧಿಕಾರಿ ಬಂದರು. ಶರ್ಟಿಗೆ ಇಸ್ತ್ರಿ, ಮುಖಕ್ಕೂ ಇಸ್ತ್ರಿ. ನಮ್ಮತ್ತೆ ಬೈರಮ್ಮನ ಕಣ್ಣೆದುರು ಎಲೆಅಡಿಕೆ ಹಾಕಿಕೊಳ್ಳದೆ ಯಾವ ನೆಂಟನೂ ಹೊಸಿಲು ದಾಟಿದ್ದಿಲ್ಲ. ಬುಡದೆಲೆ ಕಿತ್ತು ಸೂರಿನಡಿ ಒಣಗಿಸಿದ್ದ ಹೊಸ ಹೊಗೆಸೊಪ್ಪನ್ನೂ ಒಂದಿಷ್ಟು ಸಾಹೇಬರ ಎಲೆಯೊಳಗೆ ಮಡಿಚಿಟ್ಟು ಕೊಟ್ಟರು. ಅತ್ತೆಯ ಕೈ ದೊಡ್ಡದು. ಅಭ್ಯಾಸವಿಲ್ಲ ಎನ್ನಲು ಸಂಕೋಚಪಟ್ಟ ಅಧಿಕಾರಿ ಜಗಿದು, ರಸವನ್ನೂ ನುಂಗಿ ತೋಟಕ್ಕಿಳಿದರು.

ಸ್ವಲ್ಪ ಹೊತ್ತಿಗೆ ಬೇಲಿಕಂಬ ಹಿಡಿದುಕೊಂಡು, "ತೊಂಬತ್ತಾರಿದೆ ಕಣ್ರೀ. ರೂಲ್ಸ್ ಅಂದ್ರೆ ರೂಲ್ಸು. ಕೀಳಿಸ್ಬೇಕಾಗುತ್ತೆ" ಎಂದರು.

ಮಾವನ ಮುಖ ಬಿಳಿಚಿಕೊಂಡಿತು. ನನಗೆ ಅಳುವೇ ಬಂತು. ಆಮೇಲೆ ಸಾಹೇಬರ ಕಣ್ಣು ಆಡುವ ರೀತಿ ನೋಡಿದೆ, ನಗು ಬಂತು. ಎರಡನ್ನೂ ಒಟ್ಟಿಗೆ ತಡೆಯುವುದು ಬಲು ಕಷ್ಟ.

"ಸಾ, ಅಗೋ ಬಾಗ್ಲಲ್ಲಿ ನಮ್ಮತ್ತೆ ಎಷ್ಟ್ ಜನ ನಿಂತವ್ರೆ?" ಎಂದೆ.

ಕಣ್ಣು ಕಿರಿದು ಮಾಡಿ ನೋಡಿ, "ಇಬ್ರು" ಎಂದರು.

"ಇನ್ನೊಬ್ಳಿಗೂ ತೆರಿಗೆ ಆಕ್ತೀರಾ ಸಾ?" ಎಂದರು ಮಾವ. "ನನ್ ಕೈಲಿ ಒಬ್ಳನ್ನೇ ಸುಧಾರ್ಸಕ್ಕಾಗಲ್ಲ."

ಅತ್ತೆ ಸೊಂಟದ ಮೇಲೆ ಕೈಯಿಟ್ಟರು. ಸಾಹೇಬರಿಗೆ ನಾಲ್ಕು ಕೈ ಕಂಡಿರಬೇಕು, ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಮುಖದ ಇಸ್ತ್ರಿ ಕಳಚಿ ಅವರಿಗೂ ನಗು ಶುರುವಾಯಿತು. ಬದುವಿನ ಮೇಲೆ ಕೂತು ನಕ್ಕರು, ಮಜ್ಜಿಗೆ ಕುಡಿದು ಮತ್ತೆ ನಕ್ಕರು. ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೊನೆಗೆ ಮಾವ ತೋಳು ಹಿಡಿದು ನಡೆಸಿದರು. ಸಾಹೇಬರು ಒಂದೊಂದೇ ಗಿಡವನ್ನು ಮುಟ್ಟಿ ಮುಟ್ಟಿ ಎಣಿಸಿದರು. ನಲವತ್ತೆಂಟು. ಅದನ್ನೇ ವರದಿಯಲ್ಲಿ ಬರೆದು, ಕೆಳಗೆ "ಪ್ರಯೋಗ ಯಶಸ್ವಿ. ಸೊಪ್ಪಿನ ಗುಣಮಟ್ಟವನ್ನು ಸ್ವತಃ ಪರೀಕ್ಷಿಸಿದ್ದೇನೆ" ಎಂದು ಸೇರಿಸಿದರು. ಸಹಿಗೆ ಇದ್ದದ್ದು ಒಂದೇ ಗೆರೆ. ಸಾಹೇಬರು ಎರಡು ಸಹಿ ಹಾಕಿದರು.